ಎಷ್ಟು ಹೊತ್ತಿಗೆ ಬರ್ತೀಯ?

ಬೆಂಗಳೂರಿನವರಿಗೆ ಉತ್ತರ ಹೇಳಲು ಬಹಳ ಕಷ್ಟವಾದ ಪ್ರಶ್ನೆ ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದನ್ನೇ: ಎಷ್ಟು ಹೊತ್ತಿಗೆ ಬರ್ತೀಯ? ಮದುವೆ ಮನೆಗೆ ಹೊರಟವರನ್ನು ಕೇಳಿ, ಆಸ್ಪತ್ರೆಗೆ ಹೊರಟವರನ್ನು ಕೇಳಿ, ಕೆಲಸ ಮುಗಿಸಿ ಆಫೀಸಿನ ಗೇಟು ದಾಟಿದವರನ್ನು ಕೇಳಿ. "ನೋಡಬೇಕು, ಟ್ರಾಫಿಕ್ ಹೇಗಿರತ್ತೋ" ಅನ್ನುತ್ತಾರೆ. ನಮ್ಮ ಜನಕ್ಕೆ ಮಾತಿನ ಬೆಲೆ ಗೊತ್ತಿಲ್ಲ ಅಂತಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬರಬೇಕಾದವರು ಹೊತ್ತು ಹೇಳಿ ಮಾತು ಕೊಡುವ ಹಾಗೇ ಇರಲಿಲ್ಲ.

ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇಲ್ಲದಂತಾಗಿರುವುದು ಇದಕ್ಕೇ. ನಮ್ಮದು ಜಯನಗರದಲ್ಲಿ ರಾಗಿಗುಡ್ಡದ ಆಂಜನೇಯನ ಗುಡಿಯ ಕಡೆ. ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವ ಹೊತ್ತಿನಲ್ಲಿ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆ ಕಡೆ, ನಾನು ಈ ಕಡೆ. ದಾಸವಾಳದ ಗಿಡ ಅವರದು, ಅರ್ಧ ರೆಂಬೆ ನಮ್ಮ ಕಡೆ ಬಗ್ಗಿದೆ. ಹೂವೂ ಮಾತೂ ಹಂಚಿಕೊಂಡೇ ಆಗಬೇಕು. ಎದುರು ಮನೆಯ ರಾಯರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಹಾಲಿಗೆ ಹೊರಟವರು ಮೆಟ್ರೊ ಅನ್ನುವ ಮಾತು ಕಿವಿಗೆ ಬಿದ್ದರೆ ಹಾಲಿನ ಚೀಲ ಗೇಟಿಗೆ ತಗುಲಿಸಿ ನಿಲ್ಲುತ್ತಾರೆ.

"ನೋಡು ಕಣಮ್ಮ," ಅಂತ ಅಕ್ಕ ಶುರು ಮಾಡುತ್ತಾರೆ. "ನನ್ನ ಸೊಸೆ ಈಗ ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್ನಿಂದ ಫೋನ್ ಮಾಡ್ತಾಳೆ. ಅತ್ತೆ, ರೈಲು ಹತ್ತಿದೆ, ಅರ್ಧ ಗಂಟೇಲಿ ರಾಗಿಗುಡ್ಡದಲ್ಲಿ ಇಳೀತೀನಿ, ಮಗೂಗೆ ನಾನೇ ಬಂದು ಊಟ ಮಾಡಿಸ್ತೀನಿ ಅಂತಾಳೆ. ಹೇಳಿದ ಹೊತ್ತಿಗೆ ಗೇಟಿನ ಸದ್ದಾಗತ್ತೆ. ಮೊದಲು ಹೀಗಿತ್ತಾ? ಬೊಮ್ಮನಹಳ್ಳೀಲಿದ್ದೀನಿ ಅಂತ ಒಂದು ಫೋನು, ಇನ್ನೂ ಬೊಮ್ಮನಹಳ್ಳೀಲೇ ಇದ್ದೀನಿ ಅಂತ ಇನ್ನೊಂದು. ಮಗು ಕಾದು ಕಾದು ಸೋಫಾ ಮೇಲೇ ಮಲಗಿಬಿಡ್ತಿತ್ತು."

ಅಕ್ಕನ ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮೆಟ್ರೊ ಅಂದರೆ ವೇಗ ಅಂತ ಎಲ್ಲರೂ ಹೇಳುತ್ತಾರೆ. ಬರೀ ವೇಗವೇ ಬೇಕಿದ್ದರೆ, ರಸ್ತೆ ಖಾಲಿಯಿರುವ ಅಪರಾತ್ರಿಯಲ್ಲಿ ಕಾರಿನಲ್ಲಿ ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿದರೂ ಬೇಗ ಬರಬಹುದು. ಆದರೆ ಸಂಜೆ ಆರಕ್ಕೆ, ಊರಿಗೆ ಊರೇ ರಸ್ತೆಗೆ ಇಳಿದಿರುವಾಗ ಹೊರಟು, ಮನೆಯಲ್ಲಿ ಕಾಯುವವರಿಗೆ ಒಂದು ಹೊತ್ತು ಹೇಳಿ, ಆ ಹೊತ್ತಿಗೇ ಬಂದು ಬಾಗಿಲು ತಟ್ಟುವ ಭಾಗ್ಯ ನಮ್ಮ ಕೈ ತಪ್ಪಿಹೋಗಿತ್ತು. ಕಂಬದ ಮೇಲಿನ ಈ ರೈಲು ಅದನ್ನು ವಾಪಸು ತಂದುಕೊಟ್ಟಿದೆ. ಮೆಟ್ರೊ ಬಗ್ಗೆ ಏನೇ ಲೆಕ್ಕ ಹಾಕಿದರೂ ನಾನು ಇಲ್ಲಿಂದಲೇ ಹಾಕುತ್ತೇನೆ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ನಿಲ್ದಾಣ. ಎಲ್ಲೂ ನೆಲದೊಳಕ್ಕೆ ಇಳಿಯದೆ ಉದ್ದಕ್ಕೂ ಕಂಬದ ಮೇಲೇ ಸಾಗುವ ಮಾರ್ಗ. 2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು, ಮಾರನೆಯ ದಿನದಿಂದ ಜನ ಹತ್ತಿದರು. ಈ ದಾರಿಗೆ ರೈಲು ಯಾಕೆ ಬೇಕಾಯಿತು ಅನ್ನುವುದಕ್ಕೆ ಹೊಸೂರು ರಸ್ತೆಯ ಕಥೆಯನ್ನೇ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಅದು ಊರಾಚೆಯ ಜಾಗ. ಕನಸೇನೋ ಫಲಿಸಿತು, ಆದರೆ ಅಲ್ಲಿಗೆ ಹೋಗುವ ದಾರಿ ಒಂದೇ ಉಳಿಯಿತು. 2010ರಲ್ಲಿ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ ಬಂತು. ಮೇಲೆ ಟೋಲ್ ಕಟ್ಟಿ ಬಂದವರೂ ಕೆಳಗೆ ಟೋಲ್ ಕಟ್ಟದೆ ಬಂದವರೂ ಸಿಲ್ಕ್ ಬೋರ್ಡಿನಲ್ಲಿ ಒಟ್ಟಿಗೇ ನಿಂತರು. ರಸ್ತೆಯ ಮೇಲೊಂದು ರಸ್ತೆ ಹಾಕಿದರೆ ಕಾರುಗಳಿಗೆ ಇನ್ನಷ್ಟು ಜಾಗ ಆಗುತ್ತದೆ, ಮನುಷ್ಯರಿಗಲ್ಲ ಅನ್ನುವುದನ್ನು ಈ ಊರಿಗೆ ಕಲಿಸಿದ್ದೇ ಆ ಜಂಕ್ಷನ್ನು.

"ಅಲ್ಲ ರಾಯರೇ, ಸುರಂಗದಲ್ಲೇ ತೊಗೊಂಡು ಹೋಗಿದ್ರೆ ಈ ಕಂಬಗಳ ಕಾಡು ಬೆಳೀತಿರಲಿಲ್ಲ ಅಲ್ವೇ?" ಅಂತ ಅಕ್ಕ ಕೇಳಿದರು.

"ಸುರಂಗಕ್ಕೆ ಖರ್ಚು ಎಷ್ಟೋ ಪಾಲು ಜಾಸ್ತಿ ಅಮ್ಮ, ಕಾಲವೂ ಹಾಗೇ. ಕೆಳಗೆ ನಮ್ಮ ಬೆಂಗಳೂರಿನ ಬಂಡೆ ಬೇರೆ. ಮೊದಲನೇ ಹಂತದ 42.3 ಕಿಲೋಮೀಟರಲ್ಲಿ ಸುರಂಗ ಇದ್ದದ್ದು 9 ಕಿಲೋಮೀಟರಿಗಿಂತ ಕಡಿಮೆ. ಮೆಜೆಸ್ಟಿಕ್ಕು, ಮಾರ್ಕೆಟ್ಟು, ವಿಧಾನಸೌಧ, ಅಲ್ಲೆಲ್ಲ ಮೇಲೆ ಜಾಗವೇ ಇಲ್ಲ, ಕೆಳಗೇ ಹೋಗಬೇಕು. ಹೊಸೂರು ರಸ್ತೆಯಂಥಾ ಅಗಲದ ರಸ್ತೇಲಿ ಕಂಬ ನೆಡಬಹುದು. ಒಂದು ಸುರಂಗದ ದುಡ್ಡಲ್ಲಿ ಮೂರು ಊರಿಗೆ ರೈಲು ಮುಟ್ಟತ್ತೆ ಅಂದ್ರೆ ಯಾವುದು ಒಳ್ಳೇದು ಹೇಳಿ?"

ಕಟ್ಟುವ ಕ್ರಮವನ್ನು ರಾಯರ ಬಾಯಲ್ಲೇ ಕೇಳಬೇಕು. ಮೊದಲು ನೆಲಕ್ಕೆ ಪೈಲ್ ಕೊರೆದು, ಗಟ್ಟಿ ನೆಲ ಸಿಗುವವರೆಗೆ ಇಳಿದು ಕಾಂಕ್ರೀಟ್ ತುಂಬುತ್ತಾರೆ. ಅದರ ಮೇಲೆ ಪೈಲ್ ಕ್ಯಾಪ್, ಅದರ ಮೇಲೆ ಪಿಲ್ಲರ್, ಪಿಲ್ಲರ್ ತಲೆಯ ಮೇಲೆ ಪಿಯರ್ ಕ್ಯಾಪ್. ಒಂದು ಕಂಬಕ್ಕೂ ಇನ್ನೊಂದಕ್ಕೂ ಸಾಮಾನ್ಯವಾಗಿ 28ರಿಂದ 30 ಮೀಟರ್ ಅಂತರ. ನಡುವಿನ ಹಾಸನ್ನು ರಸ್ತೆಯ ಮೇಲೆ ಎರಕ ಹೊಯ್ಯುವುದಿಲ್ಲ. ಊರಾಚೆಯ ಯಾರ್ಡಿನಲ್ಲಿ ತುಂಡು ತುಂಡಾಗಿ ಎರಕ ಹೊಯ್ದು, ರಾತ್ರಿ ಟ್ರೇಲರುಗಳಲ್ಲಿ ತಂದು, ಕಂಬದಿಂದ ಕಂಬಕ್ಕೆ ಚಾಚಿ ನಿಂತ ಲಾಂಚಿಂಗ್ ಗರ್ಡರಿಗೆ ತೂಗುಹಾಕುತ್ತಾರೆ. ತುಂಡಿಗೆ ತುಂಡು ಎಪಾಕ್ಸಿ ಹಚ್ಚಿ, ಒಳಗಿನ ರಂಧ್ರಗಳಲ್ಲಿ ಉಕ್ಕಿನ ಕೇಬಲ್ ಎಳೆದು, ಮಣಿ ಪೋಣಿಸಿ ದಾರ ಜಗ್ಗಿದ ಹಾಗೆ ಬಿಗಿಯುತ್ತಾರೆ. ಆ ಬಿಗಿತದಿಂದಲೇ ಅಷ್ಟು ಭಾರ ಗಾಳಿಯಲ್ಲಿ ನಿಲ್ಲುವುದು.

ಇನ್ನೊಂದು ವಿಷಯವನ್ನೂ ರಾಯರು ತೋರಿಸಿಕೊಟ್ಟರು. ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ರೈಲಿನ ತಲೆಯ ಮೇಲೆ ವಿದ್ಯುತ್ ತಂತಿ ಓಡುತ್ತದೆ. ನಮ್ಮಲ್ಲಿ ಅದಿಲ್ಲ. ಹಳಿಯ ಪಕ್ಕದಲ್ಲೇ ಮೂರನೆಯ ಹಳಿಯೊಂದಿದೆ, 750 ವೋಲ್ಟ್ ವಿದ್ಯುತ್ತು ಅದರಲ್ಲಿ ಹರಿಯುತ್ತದೆ, ರೈಲು ಅದನ್ನು ಸವರಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮ ಮಾರ್ಗದ ಮೇಲೆ ಆಕಾಶ ಬರಿದಾಗಿ ಕಾಣುವುದು. ಅದಕ್ಕೇ ಪ್ಲಾಟ್‌ಫಾರ್ಮಿನ ಹಳದಿ ಗೆರೆ ದಾಟಬೇಡಿ ಅಂತ ಅಷ್ಟು ಸಲ ಕೂಗುವುದೂ. ಫೋನ್ ಬಿದ್ದರೂ ಚಪ್ಪಲಿ ಬಿದ್ದರೂ ಹಳಿಗೆ ಇಳಿಯಬಾರದು, ಸಿಬ್ಬಂದಿಯನ್ನು ಕರೆಯಬೇಕು. ಅಕ್ಕ ತಕ್ಷಣ ಒಳಗೆ ಹೋಗಿ ಮೊಮ್ಮಗನನ್ನು ಕರೆದುಕೊಂಡು ಬಂದು, "ಇನ್ನೊಂದ್ಸಲ ಹೇಳಿ ರಾಯರೇ, ಇವನೂ ಕೇಳಲಿ" ಅಂದರು.

ಕಟ್ಟಿದ್ದನ್ನು ಹೊಗಳುವಾಗ ಕಳೆದುಕೊಂಡದ್ದನ್ನೂ ಹೇಳಬೇಕು. ಈ ವಿಷಯದಲ್ಲಿ ಅಕ್ಕನ ದುಃಖ ಇನ್ನೂ ಹಸಿ. ಎಂ.ಜಿ. ರಸ್ತೆಯ ಅಂಚಿನ ಬುಲೆವಾರ್ಡ್ ಕಂಡವರು ಯಾರೂ ಅದನ್ನು ಮರೆತಿಲ್ಲ. ಬೋಗನ್‌ವಿಲ್ಲಾ ಚಪ್ಪರದ ಕೆಳಗೆ ನೆರಳಲ್ಲೇ ಅಷ್ಟು ದೂರ ನಡೆಯಬಹುದಿತ್ತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದ ಮೇಲೆ ಮೊದಲು ಹೋದದ್ದರಲ್ಲಿ ಅದೂ ಒಂದು. ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ತಮ್ಮ ಅಂಗಡಿ ಬೀದಿಯ ಮೇಲೆ ಮಾರ್ಗ ಬೇಡವೆಂದು ಹೋರಾಡಿದರು. 2009ರಲ್ಲಿ ಲಾಲ್‌ಬಾಗಿನ ಕಾಂಪೌಂಡು ಒಡೆದು ಮರ ಕಡಿದಾಗ, ಆರ್.ವಿ. ರಸ್ತೆಯ ಪಕ್ಕದ ಲಕ್ಷ್ಮಣರಾವ್ ಉದ್ಯಾನದ ಮರಗಳಿಗೆ ಕೊಡಲಿ ಬಿದ್ದಾಗ, ಜಯನಗರ, ಬಸವನಗುಡಿಯ ಜನ ಬೀದಿಗೆ ಬಂದರು. ಮುದುಕರು ಮರ ಅಪ್ಪಿಕೊಂಡು ನಿಂತರು, ಶಾಲೆ ಮಕ್ಕಳು ಭಿತ್ತಿಪತ್ರ ಹಿಡಿದರು.

"ಆ ಮರದ ನೆರಳು ಕಂಬ ಕೊಡತ್ತೇನೆ?" ಅಂತ ಅಕ್ಕ ಕೇಳುತ್ತಾರೆ.

ಕೊಡುವುದಿಲ್ಲ. ಅದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಆದರೆ ನಾನು ಇಷ್ಟು ನಂಬುತ್ತೇನೆ: ಅಷ್ಟು ಮರ ಕೊಟ್ಟು ಪಡೆದ ರೈಲನ್ನು ಅರ್ಧ ಖಾಲಿ ಓಡಿಸಿದರೆ ಆ ಮರಗಳಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ಒಂದೊಂದು ರೈಲೂ ತುಂಬಿ ಓಡಬೇಕು, ಅಷ್ಟು ಕಾರುಗಳು, ಅಷ್ಟು ಬೈಕುಗಳು ಮನೆಯಲ್ಲೇ ಉಳಿಯಬೇಕು. ಸಾಲದು ಅನ್ನುವುದಾದರೆ, ಸ್ಟೇಷನ್ನಿಗೆ ಹೋಗುವ ದಾರಿಯ ಉದ್ದಕ್ಕೂ ಹೊಂಗೆಯೋ ನೇರಳೆಯೋ ಮತ್ತೆ ನೆಟ್ಟು ನೀರು ಹಾಕಲಿ. ಎಂ.ಜಿ. ರಸ್ತೆಯ ಬುಲೆವಾರ್ಡಿದ್ದ ಜಾಗದಲ್ಲಿ ಈಗ ಮಾರ್ಗದ ಕೆಳಗೇ ರಂಗೋಲಿ ಕಲಾ ಕೇಂದ್ರವಿದೆ. ಮಾರ್ಗದ ಕೆಳಗಿನ ನೆಲವನ್ನೂ ಜನರ ಬಳಕೆಗೆ ಬಿಡಬಹುದು ಅನ್ನುವುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಇನ್ನೊಂದು ಕಳೆದುಕೊಂಡದ್ದರ ಮಾತು ಬಂದರೆ ಮೂವರೂ ಸುಮ್ಮನಾಗುತ್ತೇವೆ. 2023ರ ಜನವರಿ 10ರಂದು ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ, ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಪಂಜರ ಬೈಕಿನಲ್ಲಿ ಹೋಗುತ್ತಿದ್ದ ಒಂದು ಕುಟುಂಬದ ಮೇಲೆ ಬಿತ್ತು. ತಾಯಿ, ಪುಟ್ಟ ಮಗ ಹೋಗಿಬಿಟ್ಟರು. ರಾಯರು ಅವತ್ತಿನಿಂದ ಒಂದೇ ಮಾತು ಹೇಳುತ್ತಾರೆ: "ಪಂಜರಕ್ಕೆ ನಾಲ್ಕೂ ಕಡೆ ಗೈ ರೋಪ್ ಬಿಗಿದಿದೆಯೋ ಇಲ್ಲವೋ ಅಂತ ದಿನಾ ಹೋಗಿ ಕೈಯಿಟ್ಟು ನೋಡಬೇಕು. ಕಾಗದದ ಮೇಲಿನ ಟಿಕ್ ಮಾರ್ಕು ಯಾರನ್ನೂ ಉಳಿಸಲ್ಲ." ಓಡುವ ರಸ್ತೆಯ ಮೇಲೆ ಕಟ್ಟುವುದು ಅಂದರೆ ಕೆಳಗೆ ಹಾಯುವ ಪ್ರತಿಯೊಂದು ತಲೆಯ ಹೊಣೆ ಹೊತ್ತುಕೊಳ್ಳುವುದು. ಹೇಳಿದ ತಾರೀಖಿಗೆ ಮುಗಿಸಬೇಕು ಅಂತ ನಾನೇ ಹಟ ಹಿಡಿಯುವವಳು. ಆದರೂ ಸುರಕ್ಷತೆಗಾಗಿ ಒಂದು ತಿಂಗಳು ತಡ ಅಂದರೆ ಆ ತಡಕ್ಕೆ ನನ್ನ ಪೂರ್ಣ ಒಪ್ಪಿಗೆ.

ಬೇರೆ ಥರದ ತಡಗಳಿವೆ, ಅವಕ್ಕೆ ಮಾತ್ರ ಒಪ್ಪಿಗೆ ಕೊಡಲಾರೆ. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ನಮ್ಮ ಮಾರೇನಹಳ್ಳಿ ರಸ್ತೆ ಎಷ್ಟೋ ಕಾಲ ಬ್ಯಾರಿಕೇಡುಗಳ ರಸ್ತೆಯಾಗಿತ್ತು. ಜಯದೇವ ಆಸ್ಪತ್ರೆ ಮುಂದಿನ ಮೇಲ್ಸೇತುವೆ ಕಟ್ಟಿ ಇನ್ನೂ ಹದಿನೈದು ವರ್ಷ ಸರಿಯಾಗಿ ತುಂಬಿರಲಿಲ್ಲ, ಮೆಟ್ರೊಗಾಗಿ 2020ರಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿ ಕೆಳಸೇತುವೆ, ನೆಲದ ರಸ್ತೆ, ಮೇಲಿನ ರಸ್ತೆ, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕೂ ಮೇಲೆ ಗುಲಾಬಿ ಮಾರ್ಗ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಒಂದೇ ಕಂಬ ರಸ್ತೆಯನ್ನೂ ರೈಲನ್ನೂ ಎರಡು ಅಂತಸ್ತಿನಲ್ಲಿ ಹೊತ್ತಿರುವ ಡಬಲ್ ಡೆಕ್ಕರ್ 3 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರ ರಸ್ತೆ ಭಾಗ 2024ರ ಜುಲೈನಲ್ಲಿ ಮೊದಲು ತೆರೆಯಿತು. ರೈಲು ಮಾತ್ರ ಬರಲಿಲ್ಲ. ಹಳಿ ಸಿದ್ಧವಾಗುತ್ತಾ ಬಂತು, ನಿಲ್ದಾಣ ಸಿದ್ಧವಾಗುತ್ತಾ ಬಂತು, ಓಡಬೇಕಾದ ಬೋಗಿಗಳು ಇಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸಂಸ್ಥೆಗೆ ಹೋಗಿತ್ತು. ಅಲ್ಲಿಂದ ಮೊದಲ ರೈಲು ಬಂದು ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. ಉಳಿದವನ್ನು ಕೋಲ್ಕತ್ತದ ಬಳಿಯ ಟೀಟಾಗಢ ಕಾರ್ಖಾನೆಯಿಂದ ಒಂದೊಂದಾಗಿ ಕಾಯಬೇಕಾಯಿತು.

ಹಾಗಾಗಿ ಮಾರ್ಗ ತೆರೆದ ದಿನ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಮ್ಮ ಕಣ್ಣೆದುರಿಗೇ ಒಂದು ಹೋಗಿಬಿಟ್ಟರೆ ಮುಂದಿನದಕ್ಕೆ ಅಷ್ಟು ಹೊತ್ತು. ಆಮೇಲೆ ಒಂದೊಂದೇ ರೈಲು ಸೇರಿಕೊಂಡು ಅಂತರ ಇಳಿಯುತ್ತಾ ಬಂತು. ಈ ಅಂತರದ ಮಾತನ್ನು ನಾನು ಬಿಡುವುದೇ ಇಲ್ಲ. ರೈಲಿಗೆ ಇಪ್ಪತ್ತು ನಿಮಿಷ ಕಾಯಬೇಕಾದರೆ ಜನ ಗಡಿಯಾರ ನೋಡಿಕೊಂಡು ಮನೆ ಬಿಡಬೇಕು. ಐದು ನಿಮಿಷಕ್ಕೊಂದು ಬರುವುದಾದರೆ ಗಡಿಯಾರ ಮರೆತು ಮನೆ ಬಿಡಬಹುದು. ಬೈಕಿನ ಬೀಗದ ಕೈಯನ್ನು ಮೊಳೆಗೆ ತಗುಲಿಸಿ ಮೆಟ್ಟಿಲು ಹತ್ತುವ ಧೈರ್ಯ ಬರುವುದು ಅವಾಗಲೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದಾಗ ಮೂರೇ ಬೋಗಿ, ನಮ್ಮ ಊರಿನ ಬಿಇಎಂಎಲ್ ಕೊಟ್ಟದ್ದು. ಆರು ಬೋಗಿಯ ರೈಲು ನೋಡಲು 2018ರವರೆಗೆ ಕಾಯಬೇಕಾಯಿತು. ಜನ ಎಂದೂ ಹಿಂದೆ ಬೀಳಲಿಲ್ಲ, ಬೋಗಿಗಳೇ ಹಿಂದೆ ಬಿದ್ದದ್ದು.

"ಒಂದು ಮಾತು ಹೇಳ್ತೀನಿ ಕೇಳು," ಅಂತ ಅಕ್ಕ ತಮ್ಮ ಹೂಬುಟ್ಟಿ ಗೋಡೆಯ ಮೇಲಿಟ್ಟರು. "ನಾನು ಈ ಊರಲ್ಲೇ ಮುದುಕಿಯಾದೆ. ಬೆರಟೇನ ಅಗ್ರಹಾರ ಅಂತ ಒಂದು ಊರಿದೆ ಅಂತ ನನಗೆ ಗೊತ್ತೇ ಇರಲಿಲ್ಲ."

ನಿಜ. ಕೆಳಗಿನ ರಸ್ತೆಯಲ್ಲಿ ಹೋಗುವಾಗ ಮುಂದಿನ ಲಾರಿಯ ಬೆನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಮೇಲೆ ಹೋದರೆ ಹೊಂಗಸಂದ್ರ, ಕೂಡ್ಲು, ಸಿಂಗಸಂದ್ರ, ಹುಸ್ಕೂರು, ಹೆಬ್ಬಗೋಡಿ, ಒಂದಾದ ಮೇಲೊಂದು ಊರಿನ ಹೆಸರು ಬರುತ್ತದೆ. ಎಲ್ಲವೂ ಐಟಿ ಬರುವುದಕ್ಕೆ ಬಹಳ ಹಿಂದೆಯೇ ಕೆರೆ ಕಟ್ಟಿಕೊಂಡು, ರಾಗಿ ಬೆಳೆದುಕೊಂಡು ಇದ್ದ ಊರುಗಳು. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಯವರು ಮುಗಿಲೆತ್ತರದ ತೇರು ಕಟ್ಟಿ ಎಳೆದು ತರುತ್ತಾರೆ. ಆ ಊರಿನ ಹೆಸರು ಹೊತ್ತ ರಸ್ತೆಯೇ ಈಗ ಒಂದು ನಿಲ್ದಾಣ. ಹೆಸರಿನ ಮುಂದೆ ಕಂಪನಿಗಳ ಹೆಸರೂ ಅಲ್ಲಲ್ಲಿ ಸೇರಿಕೊಂಡಿವೆ, ದುಡ್ಡು ಕೊಟ್ಟವರ ಹೆಸರು ಹಾಕಲಿ, ಬೇಡ ಅನ್ನುವುದಿಲ್ಲ. ಹಳ್ಳಿಯ ಹೆಸರು ಮಾತ್ರ ಅಲ್ಲಿಂದ ಬಿದ್ದುಹೋಗಬಾರದು. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ದಿನಾ ಕೇಳಿ ಕೇಳಿ ಕೋಣಪ್ಪನ ಅಗ್ರಹಾರ ಅಂತ ಸ್ಪಷ್ಟವಾಗಿ ಅನ್ನುವುದನ್ನು ಕೇಳಿದರೆ ನನಗೆ ಹಿಗ್ಗಾಗುತ್ತದೆ.

ಕೇಳುವ ಮಾತು ಬಂದಾಗ ಅಪರ್ಣಾ ಅವರನ್ನು ನೆನೆಯದೆ ಹೇಗಿರುವುದು? ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಪರಿಚಯವಾಗಿ, ದೂರದರ್ಶನದಲ್ಲಿ, ಸಾವಿರಾರು ಸಭೆಗಳಲ್ಲಿ ನಿರೂಪಣೆ ಮಾಡಿದವರು. ನಮ್ಮ ಮೆಟ್ರೊದಲ್ಲಿ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳಿದ ದನಿ ಅವರದು. 2024ರ ಜುಲೈ 11ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ಮೆಟ್ರೊ ಹತ್ತಿದ ಎಷ್ಟೋ ಮಂದಿ ಆ ದನಿ ಕೇಳಿ ಕಣ್ಣೊರೆಸಿಕೊಂಡರು. ಸಾರ್ವಜನಿಕ ಜಾಗದಲ್ಲಿ ಕನ್ನಡ ಹೇಗಿರಬೇಕು ಅಂತ ಅವರು ತೋರಿಸಿಕೊಟ್ಟು ಹೋದರು: ಗದರದೆ, ಅವಸರಪಡದೆ, ಒಂದಕ್ಷರವನ್ನೂ ನುಂಗದೆ. ಮುಂದೆ ಬರುವ ಎಲ್ಲ ಮಾರ್ಗಗಳಿಗೂ ಅದೇ ಮಟ್ಟದ ಕನ್ನಡವೇ ಬೇಕು.

ಇಷ್ಟೆಲ್ಲ ಮಾತಾಡುವಾಗ ಅಕ್ಕನ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಅಲ್ಲೇ ನಿಂತು ಕೇಳುತ್ತಿದ್ದಳು. ಅವಳ ಮಗಳು ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸಿಗೆ ಹೋಗುತ್ತಾಳೆ.

"ನಿನ್ನ ಮಗಳೂ ಮೆಟ್ರೊದಲ್ಲೇ ಹೋಗಬಹುದಲ್ಲೇ?" ಅಂತ ಅಕ್ಕ ಕೇಳಿದರು.

"ಎಲ್ಲಮ್ಮಾ? ಬಸ್ಸಾದ್ರೆ ಫ್ರೀ. ಮೆಟ್ರೊ ಹತ್ತಿದ್ರೆ ಹೋಗಕ್ಕೊಂದ್ಸಲ ಬರಕ್ಕೊಂದ್ಸಲ ದುಡ್ಡು. ತಿಂಗಳಿಗೆ ಲೆಕ್ಕ ಹಾಕಿದ್ರೆ ಮನೆ ರೇಷನ್ನೇ ಬಂದ್ಬುಡ್ತದೆ. ಬಸ್ಸಲ್ಲಿ ಲೇಟಾದ್ರೆ ಹಾಜರಿ ಕಟ್ ಮಾಡ್ತಾರೆ, ಆದ್ರೂ ಏನ್ ಮಾಡೋದು."

ಆ ಒಂದು ಮಾತಿಗೆ ನಾವು ಮೂವರೂ ಉತ್ತರ ಹುಡುಕಿಕೊಂಡು ನಿಂತೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. 2025ರ ಫೆಬ್ರವರಿ 9ರಿಂದ ಮೆಟ್ರೊ ದರ ಏರಿ, 60 ರೂಪಾಯಿ ಇದ್ದ ಗರಿಷ್ಠ ದರ 90 ಆಯಿತು. ಜನರ ಸಿಟ್ಟು ನೋಡಿ ಕೆಲವು ಕಡೆ ಒಂದಿಷ್ಟು ಇಳಿಸಿದರೂ ಭಾರ ಭಾರವೇ. ಮೆಟ್ರೊ ಸಾಲ ತೀರಿಸಬೇಕು, ಕರೆಂಟಿಗೆ ಕಟ್ಟಬೇಕು, ಸಂಬಳ ಕೊಡಬೇಕು ಅಂತ ರಾಯರು ಲೆಕ್ಕ ಹೇಳಿದರು, ಅದೂ ಸುಳ್ಳಲ್ಲ. ಆದರೆ ಹೊತ್ತಿಗೆ ಸರಿಯಾಗಿ ತಲುಪುವ ಭಾಗ್ಯ ಯಾರಿಗೆ ಹೆಚ್ಚು ಬೇಕು? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅರ್ಧ ಗಂಟೆ ತಡವಾದರೆ ಮೀಟಿಂಗನ್ನು ಫೋನಿನಲ್ಲೇ ಮುಗಿಸಬಹುದು. ಗಾರ್ಮೆಂಟ್ಸಿನ ಗೇಟಿನಲ್ಲಿ ಹತ್ತು ನಿಮಿಷ ತಡವಾದರೂ ಕೂಲಿ ಹೋಗುತ್ತದೆ. ಬೊಮ್ಮನಹಳ್ಳಿ, ಸಿಂಗಸಂದ್ರ, ಬೊಮ್ಮಸಂದ್ರದ ಉದ್ದಕ್ಕೂ ಅಂಥ ಸಾವಿರಾರು ಹೆಣ್ಣುಮಕ್ಕಳು ರೈಲಿನ ನೆರಳಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರುವಾಗ ಆ ಮಾರ್ಗ ಯಶಸ್ವಿ ಅಂತ ನಾನು ಹೇಗೆ ಹೇಳಲಿ? ತಿಂಗಳಿಗೊಂದು ಪಾಸು, ಕೂಲಿ ಮಾಡುವವರ ಕೈಗೆಟುಕುವ ಬೆಲೆಗೆ, ಬಸ್ಸಿಗೂ ರೈಲಿಗೂ ಒಂದೇ ಆಗುವಂತೆ, ಕೊಡಲೇಬೇಕು. ರಸ್ತೆ ಅಗಲ ಮಾಡಲು, ಸುರಂಗ ರಸ್ತೆ ತೋಡಲು ದುಡ್ಡು ಹುಡುಕುವ ಊರಿಗೆ ಇದಕ್ಕೆ ದುಡ್ಡು ಸಿಗದಿರುವುದಿಲ್ಲ.

ಇನ್ನು ಮೆಟ್ಟಿಲು ಇಳಿದ ಮೇಲಿನ ದಾರಿ. ರೈಲಿನೊಳಗೆ ತಣ್ಣನೆ ಗಾಳಿ, ಹೊಳೆಯುವ ನೆಲ, ಎಲ್ಲ ಚೆಂದ. ಗೇಟು ದಾಟಿ ಕೆಳಗೆ ಬಂದರೆ ಎಷ್ಟೋ ಕಡೆ ಫುಟ್‌ಪಾತಿನ ಚಪ್ಪಡಿ ಎದ್ದಿರುತ್ತದೆ, ಅದರ ಮೇಲೆ ಬೈಕು ನಿಂತಿರುತ್ತದೆ, ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಸರ್ವಿಸ್ ರೋಡಿನಲ್ಲಿ ವಾಹನಗಳು ಎದುರಿನಿಂದಲೇ ನುಗ್ಗುತ್ತವೆ. ಹೊಸೂರು ರಸ್ತೆಯಂಥ ಹೆದ್ದಾರಿ ದಾಟುವುದು ವಯಸ್ಸಾದವರಿಗೆ ಆಗದ ಮಾತು. ಸ್ಟೇಷನ್ನಿನ ಸೇತುವೆಯನ್ನೇ ರಸ್ತೆ ದಾಟಲು ಬಳಸುವ ಹಾಗಿದ್ದರೆ ಅದೊಂದೇ ದೊಡ್ಡ ಉಪಕಾರ. ಅಕ್ಕ ಮಂಡಿನೋವಿನವರು. ಅವರಿಗೆ ಹತ್ತೊಂಬತ್ತು ಕಿಲೋಮೀಟರ್ ಕಷ್ಟವಲ್ಲ, ಕೊನೆಯ ಇನ್ನೂರು ಮೀಟರ್ ಕಷ್ಟ. ಕೊನೆಯಲ್ಲಿ ಆಟೊದವರ ಹತ್ತಿರ ಚೌಕಾಸಿಗೆ ನಿಲ್ಲಬೇಕಾದರೆ, ರೈಲು ಉಳಿಸಿಕೊಟ್ಟ ಹತ್ತು ನಿಮಿಷ ಅಲ್ಲೇ ಖರ್ಚಾಗಿಬಿಡುತ್ತದೆ. ಒಳಬೀದಿಗಳಿಗೆ ಪುಟ್ಟ ಫೀಡರ್ ಬಸ್ಸು, ರೈಲು ಬರುವ ಹೊತ್ತಿಗೇ ಹೊಂದಿಕೊಂಡು ಬಂದು ನಿಲ್ಲುವಂಥದ್ದು, ಇನ್ನೂ ಬಹಳ ಬೇಕು.

"ನಾವು ಇಲ್ಲಿ ಗೋಡೆ ಹಿಡಕೊಂಡು ಹೇಳಿದ್ರೆ ಯಾರು ಕೇಳ್ತಾರೆ ಬಿಡು," ಅಂದರು ಅಕ್ಕ.

ಕೇಳುತ್ತಾರೆ ಅಂತಲೇ ನನ್ನ ನಂಬಿಕೆ. ಲಾಲ್‌ಬಾಗಿನ ಮರಗಳಿಗಾಗಿ ನಿಂತದ್ದು ಇಂಥ ಬೀದಿಗಳ ಜನವೇ. 2017ರಲ್ಲಿ ಮೆಟ್ರೊ ಫಲಕಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಜಾಗ ಸಲ್ಲಲಿ ಅಂತ ಕೇಳಿ ಪಡೆದವರೂ ಜನವೇ. ದರ ಏರಿದಾಗ ಒಂದಿಷ್ಟಾದರೂ ಇಳಿದದ್ದು ಜನ ಮಾತಾಡಿದ್ದಕ್ಕೇ. ನಮ್ಮ ಮೆಟ್ರೊ ಅಂತ ಹೆಸರಿಟ್ಟ ಮೇಲೆ ಕೇಳುವ ಹಕ್ಕೂ ನಮ್ಮದು, ಕಾಪಾಡುವ ಹೊಣೆಯೂ ನಮ್ಮದು. ಬೋಗಿಯಲ್ಲಿ ಉಗುಳಬೇಡ ಅಂತ ಹೇಳುವುದೂ, ಗರ್ಭಿಣಿಗೆ ಎದ್ದು ಜಾಗ ಕೊಡುವುದೂ, ಎಸ್ಕಲೇಟರ್ ಕೆಟ್ಟು ನಿಂತರೆ ದೂರು ಬರೆಯುವುದೂ ಆ ಹೊಣೆಯೊಳಗೇ ಬರುತ್ತವೆ.

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಗುಲಾಬಿ ಮಾರ್ಗ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಮೇಲೆ ಹಾದು ವಿಮಾನ ನಿಲ್ದಾಣಕ್ಕೆ ನೀಲಿ ಮಾರ್ಗ ಕಟ್ಟುತ್ತಿದ್ದಾರೆ. ಆ ಊರುಗಳ ಜನ ಧೂಳು ಕುಡಿದು, ಬ್ಯಾರಿಕೇಡು ಸುತ್ತಿ, ಮರ ಬಿಟ್ಟುಕೊಟ್ಟು ಕಾದಿದ್ದಾರೆ. ಅವರಿಗಾಗಿ ನಾನು ಕೇಳುವುದು ಮೂರು. ತೆರೆಯುವ ದಿನಕ್ಕೆ ಮೊದಲೇ ಸಾಕಷ್ಟು ರೈಲುಗಳು ಡಿಪೋದಲ್ಲಿ ನಿಂತಿರಲಿ. ಪಾತ್ರೆ ತೊಳೆಯುವಾಕೆಯ ಮಗಳಿಗೂ ಎಟುಕುವ ಪಾಸು ಅವತ್ತೇ ಕೌಂಟರಿನಲ್ಲಿ ಸಿಗಲಿ. ಪ್ರತಿ ನಿಲ್ದಾಣದ ಸುತ್ತ ಒಂದು ಕಿಲೋಮೀಟರಿನ ಫುಟ್‌ಪಾತು, ನೆರಳಿನ ಮರಗಳ ಸಮೇತ, ರೈಲಿನ ಜೊತೆಗೇ ಉದ್ಘಾಟನೆಯಾಗಲಿ. ಮತ್ತೆ, ತಾರೀಖು ಹೇಳುವ ಮಂತ್ರಿಗಳೂ ಅಧಿಕಾರಿಗಳೂ ಆಗುವ ತಾರೀಖನ್ನೇ ಹೇಳಲಿ. ಹೇಳಿದ ಹೊತ್ತಿಗೆ ಬರುವ ರೈಲನ್ನು ಕಟ್ಟಬಲ್ಲವರು, ಹೇಳಿದ ದಿನಕ್ಕೆ ಅದನ್ನು ಕಟ್ಟಿ ಮುಗಿಸಲೂ ಬಲ್ಲರು.